ವಂಶದ ಕಾಯಿಲೆ: ಊರಿನ ಸಭೆಯಲ್ಲಿ ಆಗಬೇಕಾದ ಮಾತು

ಬ್ರಹ್ಮಾವರ, ಕುಂದಾಪುರ, ಬೈಂದೂರು ಈ ಮೂರು ತಾಲೂಕುಗಳ ಜನಕ್ಕೆ ದೊಡ್ಡಾಸ್ಪತ್ರೆ ಎಂದರೆ ಮೊದಲು ನೆನಪಾಗುವುದು ಮಣಿಪಾಲ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಆರಂಭಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಇಂದು ವೈದ್ಯಕೀಯ ತಳಿವಿಜ್ಞಾನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ದೇಶದ ಬಹುಪಾಲು ಜಿಲ್ಲೆಗಳಿಗೆ ಇಲ್ಲದ ಸೌಕರ್ಯ ಇದು. ಅಲ್ಲಿ ಸಮ್ಮೇಳನಗಳು, ಕಾರ್ಯಾಗಾರಗಳು, ಉಪನ್ಯಾಸಗಳು ನಡೆಯುತ್ತವೆ, ಹೊರಗಿನಿಂದ ತಜ್ಞರು ಬಂದು ಹೋಗುತ್ತಾರೆ. ಆದರೆ ಯಾರ ಮನೆಯ ಕಾಯಿಲೆಯ ಬಗ್ಗೆ ಅಲ್ಲಿ ಚರ್ಚೆಯಾಗುತ್ತದೋ ಆ ಮನೆಯವರ ಕಿವಿಗೆ ಆ ಮಾತು ಬೀಳುವುದು ಅಪರೂಪ.

ಪರೀಕ್ಷೆ ನಮ್ಮ ಹತ್ತಿರಕ್ಕೆ ಬಂದಿದೆ, ಮಾತು ಇನ್ನೂ ದೂರದಲ್ಲಿದೆ. ಮಾತಿಗಿಂತ ಮೊದಲು ಪರೀಕ್ಷೆ ಮನೆಯೊಳಗೆ ಬಂದರೆ ಉಪಕಾರದಷ್ಟೇ ಅಪಕಾರವೂ ಆದೀತು. ಆದ್ದರಿಂದ ತಳಿವಿಜ್ಞಾನ, ವೈದ್ಯಕೀಯ ಮತ್ತು ಸಮಾಜದ ಕುರಿತು ಮುಂದೆ ನಡೆಯುವ ಉಪನ್ಯಾಸಗಳಲ್ಲಿ ಒಂದು ಪಾಲಾದರೂ ಕುಂದಾಪುರ, ಬೈಂದೂರು, ಬ್ರಹ್ಮಾವರದ ಸಭಾಂಗಣಗಳಲ್ಲಿ, ಕನ್ನಡದಲ್ಲಿ ಆಗಬೇಕು. ಹಾಗೆ ಆದರೆ ಅಲ್ಲಿ ಏನೇನು ಚರ್ಚೆಗೆ ಬರಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಘಟ್ಟದಾಚೆಯ ಪಾಠ

ಬೈಂದೂರಿನಿಂದ ಕೊಲ್ಲೂರು ಘಾಟಿ ಹತ್ತಿ ಹೋದರೆ ಸಾಗರ ಸೀಮೆ. ಆ ತಾಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1970ರ ದಶಕದ ನಡುವೆ ವಿಚಿತ್ರ ಕಾಯಿಲೆಯೊಂದು ವೈದ್ಯರ ಗಮನಕ್ಕೆ ಬಂತು. ಪ್ರಾಯಕ್ಕೆ ಬರುವ ಹೊತ್ತಿಗೆ ಸೊಂಟದ ಕೀಲಿನಲ್ಲಿ ನೋವು ಶುರುವಾಗಿ ಮೊಣಕಾಲಿಗೆ ಇಳಿಯುತ್ತಿತ್ತು. ಕ್ರಮೇಣ ಬೆನ್ನು ಬಾಗಿ, ಕೆಲವರು ಕೈಯೂರಿ ತೆವಳುವ ಸ್ಥಿತಿಗೆ ಬರುತ್ತಿದ್ದರು. ಕಾಯಿಲೆ ಬಿದ್ದವರು ದಲಿತ ಸಮುದಾಯದ ಕೂಲಿಕಾರ ಕುಟುಂಬಗಳವರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ಪರಿಶೀಲಿಸಿದರು. ಕೀಟನಾಶಕ ಬಿದ್ದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣವಿರಬಹುದೇ ಎಂಬ ಅನುಮಾನ ಆಗ ಬಲವಾಗಿತ್ತು. ಮುಂದಿನ ಅಧ್ಯಯನಗಳಲ್ಲಿ ಅದು ಮೂಳೆಯ ಬೆಳವಣಿಗೆಯನ್ನೇ ಕೆಡಿಸುವ ಆನುವಂಶಿಕ ಕಾಯಿಲೆ, ತಂದೆ ಅಥವಾ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ ಎಂಬುದು ಸ್ಪಷ್ಟವಾಯಿತು. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ತಜ್ಞರು 1990ರ ದಶಕದಲ್ಲಿ ಇದನ್ನು ದಕ್ಷಿಣ ಆಫ್ರಿಕಾದ ಮ್ಸೆಲೆನಿ ಪ್ರದೇಶದ ಕೀಲುರೋಗದ ಜೊತೆ ಹೋಲಿಸಿ ನೋಡಿದರು.

ಈ ಕಥೆಯಿಂದ ಕರಾವಳಿಯವರು ಕಲಿಯಬೇಕಾದ್ದು ಎರಡು ವಿಷಯ. ಒಂದೇ ಊರಿನ, ಒಂದೇ ಊಟದ, ಒಂದೇ ಗದ್ದೆಯ ಜನಕ್ಕೆ ಬಂದ ಕಾಯಿಲೆ ಪರಿಸರದ್ದೋ ವಂಶದ್ದೋ ಎಂದು ಬಿಡಿಸುವುದು ಸುಲಭವಲ್ಲ. ಅದಕ್ಕೆ ವರ್ಷಗಟ್ಟಲೆ ಮನೆಮನೆಯ ವಿವರ ಬೇಕು. ಇನ್ನೊಂದು, ಹಳ್ಳಿಯ ಹೆಸರೇ ಕಾಯಿಲೆಯ ಹೆಸರಾಗಿ ಉಳಿಯಿತು. ಸೊರಬ ತಾಲೂಕಿನ ಕ್ಯಾಸನೂರಿಗೂ 1957ರಲ್ಲಿ ಸೋಂಕುರೋಗವೊಂದರ ವಿಷಯದಲ್ಲಿ ಇದೇ ಆಗಿತ್ತು. ಹೊಸ ಸೋಂಕುರೋಗಗಳಿಗೆ ಊರಿನ, ಜನಾಂಗದ ಹೆಸರು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಸೋಂಕಿಗೇ ಇಷ್ಟು ಎಚ್ಚರ ಬೇಕಾದರೆ, ರಕ್ತದಲ್ಲೇ ಇದೆ ಎಂದು ಜನ ಆಡಿಕೊಳ್ಳುವ ಕಾಯಿಲೆಯ ವಿಷಯದಲ್ಲಿ ಎಷ್ಟು ಎಚ್ಚರ ಬೇಕಾದೀತು! ತಳಿವಿಜ್ಞಾನದ ಯಾವ ಸಭೆಯೂ ಹಂದಿಗೋಡನ್ನು ಕೇವಲ ಎಕ್ಸರೇ ಚಿತ್ರವಾಗಿ ತೋರಿಸಿ ಮುಂದೆ ಹೋಗಬಾರದು.

ಬಳಿ, ಸೋದರಿಕೆ ಮತ್ತು ಲೆಕ್ಕ

ಆನುವಂಶಿಕ ಕಾಯಿಲೆಯ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ ಸಂಬಂಧದೊಳಗಿನ ಮದುವೆಯದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮಹಿಳೆಯರ ಮದುವೆ ರಕ್ತಸಂಬಂಧದಲ್ಲಿ ಆದದ್ದು. ಇಡೀ ದೇಶದ ಸರಾಸರಿ 11ರ ಸುಮಾರು. ದಕ್ಷಿಣದ ಒಳನಾಡಿನಲ್ಲಿ ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ಬಹಳ ಕಾಲ ರೂಢಿಯಲ್ಲಿತ್ತು.

ಕರಾವಳಿಯ ರೀತಿ ಬೇರೆ. ಅಳಿಯಕಟ್ಟಿನ ಸಮುದಾಯಗಳಲ್ಲಿ ಬಳಿ, ಅಂದರೆ ವಂಶದ ಗುರುತು, ಬರುವುದು ತಾಯಿಯ ಕಡೆಯಿಂದ. ಸೋದರಮಾವನದ್ದೂ ಅಕ್ಕನ ಮಗಳದ್ದೂ ಒಂದೇ ಬಳಿ, ಹಾಗಾಗಿ ಅವರಿಬ್ಬರಿಗೆ ಮದುವೆ ಸಲ್ಲದು. ಅಕ್ಕತಂಗಿಯರ ಮಕ್ಕಳಿಗೂ ಸಲ್ಲದು. ಆದರೆ ಮಾವನ ಮಗಳ ಬಳಿ ಅವಳ ತಾಯಿಯದ್ದು, ಅದು ಬೇರೆ. ಆದ್ದರಿಂದ ಅತ್ತೆಯ ಮಗ, ಮಾವನ ಮಗಳ ಸಂಬಂಧ ಸಲ್ಲುತ್ತದೆ, ಮಾತ್ರವಲ್ಲ ಹಿಂದೆ ಅದು ಹಕ್ಕೇ ಆಗಿತ್ತು.

ಇದನ್ನು ವಂಶವಾಹಿಯ ಲೆಕ್ಕಕ್ಕೆ ಇಟ್ಟು ನೋಡಬೇಕು. ಸೋದರಮಾವ ಮತ್ತು ಸೊಸೆಯಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಪಾಲು ವಂಶವಾಹಿಗಳು ಒಂದೇ ಮೂಲದವು. ಅತ್ತೆ ಮಾವನ ಮಕ್ಕಳಲ್ಲಿ ಎಂಟರಲ್ಲಿ ಒಂದು ಪಾಲು. ಅಂದರೆ ಬಳಿಯ ಕಟ್ಟಳೆ ಅತಿ ಹತ್ತಿರದ ಮದುವೆಯನ್ನು ತಡೆದಿತ್ತು. ಅದೇ ಹೊತ್ತಿಗೆ ಹತ್ತಾರು ತಲೆಮಾರಿನ ಹಿಂದೆಲ್ಲೋ ಕವಲೊಡೆದ ಒಂದೇ ಬಳಿಯವರನ್ನೂ ಅದು ತಡೆಯುತ್ತದೆ, ಅವರ ನಡುವೆ ಹಂಚಿಕೆಯ ಪಾಲು ಲೆಕ್ಕಕ್ಕೆ ಸಿಗದಷ್ಟು ಸಣ್ಣದಾಗಿದ್ದರೂ ಸಹ. ಬಳಿ ನೋಡುವುದು ತಾಯಿಯ ಒಂದು ಎಳೆಯನ್ನು. ಮಗುವಿಗೆ ಬರುವುದು ತಂದೆ ತಾಯಿ ಇಬ್ಬರ ಪಾಲೂ. ಹಿರಿಯರ ಕಟ್ಟಳೆಯನ್ನು ಹೀಗಳೆಯದೆ, ಅದನ್ನೇ ವಿಜ್ಞಾನವೆಂದು ಕೊಂಡಾಡದೆ ಈ ವಿವರವನ್ನು ಊರಿನ ಸಭೆಯಲ್ಲಿ ಹೇಳಲು ಸಾಧ್ಯವಿದೆ. ಕೇಳುವವರಿಗೆ ಬಳಿ ಗೊತ್ತೇ ಇರುವುದರಿಂದ ಉಪನ್ಯಾಸಕರ ಅರ್ಧ ಕೆಲಸ ಆದಂತೆಯೇ.

ಅಪಾಯದ ಪ್ರಮಾಣವನ್ನೂ ನೆಟ್ಟಗೆ ಹೇಳಬೇಕು. ಯಾವುದೇ ದಂಪತಿಯ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಹುಟ್ಟಿನಿಂದ ಬಂದ ಗಂಭೀರ ತೊಂದರೆ ಇರಬಹುದು. ಅತ್ತೆ ಮಾವನ ಮಕ್ಕಳ ಮದುವೆಯಲ್ಲಿ ಅದಕ್ಕೆ ಇನ್ನೂ ಎರಡು ಮೂರು ಸೇರುತ್ತದೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಹೆದರಿಸುವ ಉಪನ್ಯಾಸದಿಂದ ಸಂಬಂಧದಲ್ಲಿ ಮದುವೆಯಾದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆಮೇಲೆ ವೈದ್ಯರು ಕೇಳಿದಾಗಲೂ ನಿಜ ಹೇಳುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿ ಚಯಾಪಚಯದ ಹುಟ್ಟುದೋಷಗಳನ್ನು ಹುಡುಕಿದ್ದರು. ಈ ರಾಜ್ಯದಲ್ಲಿ ಇಂಥ ಕೆಲಸಕ್ಕೆ ಅಷ್ಟು ಹಳೆಯ ಬುನಾದಿಯಿದೆ.

ಇನ್ನೊಂದು ಮಾತು ಜನಕ್ಕೆ ಅಷ್ಟಾಗಿ ತಲುಪಿಲ್ಲ. ಸೋದರಿಕೆಯ ಮದುವೆ ಬಿಟ್ಟರೂ ಜಾತಿಯೊಳಗೇ ಮದುವೆಯಾಗುತ್ತ ಬಂದದ್ದರಿಂದ ಸಣ್ಣ ಸಮುದಾಯಗಳಲ್ಲಿ ಕೆಲವು ದೋಷಗಳು ಸೇರಿಕೊಂಡಿರುತ್ತವೆ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ನೋಡಿ, ಅವುಗಳಲ್ಲಿ 81ರಲ್ಲಿ ಈ ಪರಿಣಾಮ ಫಿನ್‌ಲೆಂಡಿನವರು ಮತ್ತು ಅಶ್ಕೆನಾಜಿ ಯಹೂದಿಗಳಿಗಿಂತಲೂ ಬಲವಾಗಿದೆ ಎಂದಿತು. ಆಂಧ್ರದ ವೈಶ್ಯರಲ್ಲಿ ಹಲವರಿಗೆ ಅರಿವಳಿಕೆಯ ಹೊತ್ತಿಗೆ ಕೊಡುವ ಒಂದು ಸ್ನಾಯು ಸಡಿಲಿಸುವ ಔಷಧ ಬೇಗ ಕರಗುವುದಿಲ್ಲ. ಅದು ಮೊದಲೇ ಗೊತ್ತಿದ್ದರೆ ವೈದ್ಯರು ಬೇರೆ ಔಷಧ ಬಳಸುತ್ತಾರೆ, ಅಷ್ಟೇ. ಮಾಹಿತಿ ಸರಿಯಾದ ಕೈಯಲ್ಲಿದ್ದರೆ ಹೀಗೆ ಜೀವ ಉಳಿಸುತ್ತದೆ. ನಮ್ಮ ಕರಾವಳಿಯಲ್ಲಿ ಖಾರ್ವಿ, ಮೊಗವೀರ, ನಾಡವ, ಬಿಲ್ಲವ, ಕೋಟ, ಕೊಂಕಣಿ, ಗಂಗೊಳ್ಳಿ–ಶಿರೂರಿನ ಮುಸ್ಲಿಮರು, ಬ್ರಹ್ಮಾವರದ ಕ್ರೈಸ್ತರು, ಎಲ್ಲರೂ ಬಹುಮಟ್ಟಿಗೆ ತಮ್ಮ ತಮ್ಮೊಳಗೇ ಸಂಬಂಧ ಬೆಳೆಸಿದವರು. ಆದ್ದರಿಂದ ಇದು ಯಾವುದೋ ಒಂದು ಜಾತಿಯ ಪ್ರಶ್ನೆಯಲ್ಲ, ಎಲ್ಲರದ್ದು.

ಬೆರಳ ಗಂಟಿನಿಂದ ವಂಶವೃಕ್ಷಕ್ಕೆ

ಒಂದು ಕಾಯಿಲೆಯನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮೂರರಿಂದ ಎಂಟು ವರ್ಷದ ಒಳಗಿನ ಮಗುವಿಗೆ ಬೆರಳಿನ ಗಂಟುಗಳು ದಪ್ಪವಾಗತೊಡಗುತ್ತವೆ. ನಡೆಯುವಾಗ ಸೊಂಟ ಹಿಡಿದುಕೊಳ್ಳುತ್ತದೆ. ನೋಡಿದವರು ಮಕ್ಕಳ ಸಂಧಿವಾತ ಅನ್ನುತ್ತಾರೆ, ವರ್ಷಗಟ್ಟಲೆ ಮಾತ್ರೆ ನಡೆಯುತ್ತದೆ, ಕೆಲವೊಮ್ಮೆ ಸ್ಟೀರಾಯ್ಡ್ ಕೂಡ. ಆದರೆ ಕೀಲು ಬಿಸಿಯಾಗಿ ಕೆಂಪಾಗಿರುವುದಿಲ್ಲ, ರಕ್ತಪರೀಕ್ಷೆಯಲ್ಲಿ ಉರಿಯೂತ ಕಾಣುವುದಿಲ್ಲ. ಇದು ಸಂಧಿವಾತವೇ ಅಲ್ಲ, ಮೃದ್ವಸ್ಥಿಯ ಒಂದು ಆನುವಂಶಿಕ ದೋಷ. ವೈದ್ಯರು ಚುಟುಕಾಗಿ ಪಿಪಿಆರ್‌ಡಿ ಎನ್ನುತ್ತಾರೆ. ಭಾರತದಲ್ಲಿ ಇದರ ಹಲವು ಕುಟುಂಬಗಳನ್ನು ಗುರುತಿಸಿ ವರದಿ ಮಾಡಿದವರಲ್ಲಿ ಮಣಿಪಾಲದ ಡಾ. ಕೆ.ಎಂ. ಗಿರೀಶ ಅವರ ತಂಡವೂ ಒಂದು. ಸರಿಯಾಗಿ ಗುರುತಿಸಿದ ಮಾತ್ರಕ್ಕೆ ಕಾಯಿಲೆ ವಾಸಿಯಾಗುವುದಿಲ್ಲ. ಆದರೆ ಬೇಡದ ಔಷಧ ನಿಲ್ಲುತ್ತದೆ, ಸರಿಯಾದ ವ್ಯಾಯಾಮ ಶುರುವಾಗುತ್ತದೆ, ಮುಂದಿನ ಮಗುವಿಗೆ ಬರುವ ಸಂಭವ ನಾಲ್ಕರಲ್ಲಿ ಒಂದು ಎಂಬುದು ತಂದೆ ತಾಯಿಗೆ ತಿಳಿಯುತ್ತದೆ.

ಇಂಥ ಮಗು ಮಣಿಪಾಲದ ಬಾಗಿಲಿಗೆ ತಲುಪುವ ಮೊದಲು ಹಳ್ಳಿಹೊಳೆಯಲ್ಲೋ ಅಮಾಸೆಬೈಲಿನಲ್ಲೋ ಯಾರಾದರೂ ಅನುಮಾನ ಪಡಬೇಕು. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುತ್ತವೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ. ಯಾವ ಲಕ್ಷಣ ಕಂಡರೆ ಮುಂದಕ್ಕೆ ಕಳಿಸಬೇಕು ಎಂಬ ಸರಳ ಪಾಠ ಸಿಗಬೇಕಾದ್ದು ಮೊದಲು ಇವರಿಗೆ. ಸಮ್ಮೇಳನದ ಒಂದು ದಿನವನ್ನು ಅವರಿಗಾಗಿಯೇ ತೆಗೆದಿಟ್ಟರೆ ಅದರ ಫಲ ನೂರಾರು ಮನೆಗಳಲ್ಲಿ ಕಂಡೀತು.

ತಳಿ ಸಮಾಲೋಚಕರು ಮೊದಲು ಕೇಳುವುದು ರಕ್ತವನ್ನಲ್ಲ, ವಂಶದ ವಿವರವನ್ನು. ಹಾಳೆಯ ಮೇಲೆ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಬರೆಯುತ್ತಾರೆ, ಕಾಯಿಲೆ ಇದ್ದವರದ್ದನ್ನು ಕಪ್ಪು ಮಾಡುತ್ತಾರೆ, ರಕ್ತಸಂಬಂಧದ ದಂಪತಿಯ ನಡುವೆ ಎರಡು ಗೆರೆ ಎಳೆಯುತ್ತಾರೆ. ಮೂರು ತಲೆಮಾರು ತುಂಬುವಷ್ಟರಲ್ಲಿ ಅರ್ಧ ಉತ್ತರ ಅಲ್ಲೇ ಕಾಣುತ್ತದೆ. ಕರಾವಳಿಯ ಕುಟುಂಬಗಳಿಗೆ ಈ ವಿವರ ಹೊಸದಲ್ಲ. ಮುಂಬಯಿ, ಬೆಂಗಳೂರಿನಲ್ಲಿ ಹೋಟೆಲು ನಡೆಸುವವರು ಕೂಡ ಮೂಲ ನಾಗಬನ ಹುಡುಕಿಕೊಂಡು ವರ್ಷಕ್ಕೊಮ್ಮೆ ಬಂದು ಸೇರುತ್ತಾರೆ. ಯಾರ ಅಜ್ಜಿ ಯಾರ ದೊಡ್ಡಮ್ಮ, ಯಾವ ಕವಲು ಎಲ್ಲಿ ಹೋಯಿತು ಎಂಬುದೆಲ್ಲ ಅಲ್ಲಿ ಹಿರಿಯರ ಬಾಯಲ್ಲಿದೆ. ಎಳೆಯ ಪ್ರಾಯದಲ್ಲಿ ತೀರಿಕೊಂಡ ಮಕ್ಕಳು, ಗಾಯವಾದರೆ ರಕ್ತ ನಿಲ್ಲದಿದ್ದ ಮಾವ, ನಡುವಯಸ್ಸಿನಲ್ಲೇ ಎದೆಯ ಕ್ಯಾನ್ಸರ್ ಆದ ಚಿಕ್ಕಮ್ಮ, ಈ ನೆನಪುಗಳನ್ನೂ ಆ ದಿನ ಬರೆದಿಟ್ಟುಕೊಂಡರೆ ಮನೆಗೆ ಅದು ದೊಡ್ಡ ಆಸ್ತಿ.

ಇಲ್ಲಿ ಒಂದು ನೋವಿನ ವಿಷಯವನ್ನೂ ಹೇಳಬೇಕು. ಮಗುವಿಗೆ ಕಾಯಿಲೆ ಬಂದರೆ ದೋಷ ಹೊರುವವಳು ಹೆಚ್ಚಾಗಿ ತಾಯಿ. ನಾಗದೋಷವೆಂದು ಪ್ರಶ್ನೆ ಇಟ್ಟು ಸೇವೆ ಸಲ್ಲಿಸುವುದು ಅವರವರ ನಂಬಿಕೆ, ಕಷ್ಟದಲ್ಲಿ ಅದು ಧೈರ್ಯವನ್ನೂ ಕೊಡುತ್ತದೆ. ಆದರೆ ಆ ಹೆಸರಿನಲ್ಲಿ ಸೊಸೆಯನ್ನು ತವರಿಗೆ ಕಳಿಸುವುದು ಅನ್ಯಾಯ. ನಾಲ್ಕರಲ್ಲಿ ಒಂದರ ಸಂಭವ ಇರುವ ಕಾಯಿಲೆ ಬರಬೇಕಾದರೆ ದೋಷವುಳ್ಳ ವಂಶವಾಹಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದಿರಲೇಬೇಕು. ಈ ಒಂದು ವಾಕ್ಯ ಪ್ರತಿ ಮನೆಗೂ ತಲುಪಿದರೆ ಎಷ್ಟೋ ಹೆಣ್ಣುಮಕ್ಕಳ ಕಣ್ಣೀರು ನಿಲ್ಲುತ್ತದೆ.

ಕೊರಗರ ರಕ್ತ, ಕೊರಗರ ಮರ್ಯಾದೆ

ಈ ಮೂರೂ ತಾಲೂಕುಗಳಲ್ಲಿ ಕೊರಗ ಸಮುದಾಯದವರಿದ್ದಾರೆ. ಜೇನುಕುರುಬರ ಜೊತೆಗೆ ಇವರನ್ನೂ ರಾಜ್ಯದ ವಿಶೇಷವಾಗಿ ದುರ್ಬಲ ಬುಡಕಟ್ಟು ಎಂದು ಗುರುತಿಸಲಾಗಿದೆ. 2001ರ ಜನಗಣತಿಯಲ್ಲಿ ಕರ್ನಾಟಕದ ಕೊರಗರ ಸಂಖ್ಯೆ 16 ಸಾವಿರದಷ್ಟಿತ್ತು, 2011ರಲ್ಲಿ ಅದು 15 ಸಾವಿರಕ್ಕಿಂತ ಕೆಳಗೆ ಇಳಿಯಿತು. ಇತ್ತೀಚೆಗೆ ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಸೇರಿದ ತಂಡವೊಂದು ಕೊರಗರ ಜೀನೋಮ್ ಅಧ್ಯಯನ ಮಾಡಿ, ದ್ರಾವಿಡ ಮೂಲದ ಜೊತೆ ನಂಟಿರುವ ಸುಮಾರು 4,400 ವರ್ಷ ಹಳೆಯ ವಂಶಾಂಶವೊಂದನ್ನು ಗುರುತಿಸಿದೆ. ವಿದ್ವತ್ತಿನ ಲೋಕಕ್ಕೆ ಇದು ದೊಡ್ಡ ಸುದ್ದಿ.

ಆದರೆ ಇದೇ ಜನರ ದೇಹದ ಮೇಲೆ ಈ ಸಮಾಜ ಏನು ಮಾಡಿತ್ತು ಎಂಬುದನ್ನು ಮರೆಯುವಂತಿಲ್ಲ. ಬೇರೆಯವರ ರೋಗ ಇವರಿಗೆ ಹೋಗಲಿ ಎಂದು ಉಗುರು, ಕೂದಲು ಬೆರೆಸಿದ ಅನ್ನವನ್ನು ಇವರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಅಂಥ ಚರಿತ್ರೆ ಇರುವ ಸಮುದಾಯದಿಂದ ರಕ್ತದ ಮಾದರಿ ಕೇಳುವವರಿಗೆ ಹೊಣೆ ಇಮ್ಮಡಿ. ಯಾತಕ್ಕಾಗಿ, ಎಲ್ಲಿ ಇಡುತ್ತೀರಿ, ಮುಂದೆ ಯಾರು ಬಳಸುತ್ತಾರೆ, ನಮಗೆ ಏನು ಗೊತ್ತಾಗುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಅವರ ಭಾಷೆಯಲ್ಲಿ ಉತ್ತರ ಸಿಗಬೇಕು. ಅಮೆರಿಕದ ಹವಸುಪಾಯ್ ಬುಡಕಟ್ಟಿನವರು ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ಕೊಟ್ಟ ರಕ್ತವನ್ನು ಮಾನಸಿಕ ಕಾಯಿಲೆ, ವಲಸೆಯ ಚರಿತ್ರೆ ಮುಂತಾದ ಬೇರೆ ಸಂಶೋಧನೆಗೂ ಬಳಸಿದ್ದಕ್ಕಾಗಿ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯವು 2010ರಲ್ಲಿ ಏಳು ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು.

ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತಹೀನತೆಯ ವಿರುದ್ಧ 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ನಿರ್ಮೂಲನ ಅಭಿಯಾನದಲ್ಲಿ ಕರ್ನಾಟಕವೂ ಇದೆ. ಬುಡಕಟ್ಟು ಪ್ರದೇಶಗಳ ಏಳು ಕೋಟಿ ಜನರ ತಪಾಸಣೆ ಅದರ ಗುರಿ. ಸಮಸ್ಯೆ ಇರುವುದು ತಪಾಸಣೆಯಲ್ಲಲ್ಲ. ಬುಡಕಟ್ಟಿನವರ ರಕ್ತಹೀನತೆಯನ್ನೆಲ್ಲ ವಂಶವಾಹಿಯ ತಲೆಗೆ ಕಟ್ಟಿ, ಹೊಟ್ಟೆಗಿಲ್ಲದ್ದನ್ನು, ಜಂತುಹುಳುವನ್ನು, ಕ್ಷಯವನ್ನು, ನೆಲವಿಲ್ಲದ್ದನ್ನು ಮರೆತರೆ ಅದು ಸಮಸ್ಯೆ. ಕೊರಗರ ಆರೋಗ್ಯದ ಬಗ್ಗೆ ಸಭೆ ಮಾಡುವವರು ವೇದಿಕೆಯಲ್ಲಿ ಕೊರಗರನ್ನು ಕೂರಿಸಿ ಅವರ ಮಾತನ್ನು ಮೊದಲು ಕೇಳಬೇಕು.

ವಾಹಕ ಎಂದರೆ ರೋಗಿ ಅಲ್ಲ

ಮದುವೆಗೆ ಮುಂಚೆ ಪರೀಕ್ಷೆ ಮಾಡಿಸಬೇಕೇ? ಈ ಪ್ರಶ್ನೆಗೆ ಪ್ರಪಂಚದಲ್ಲಿ ಎರಡು ಉದಾಹರಣೆಗಳಿವೆ. ಸೈಪ್ರಸ್ ದ್ವೀಪದಲ್ಲಿ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ವ್ಯಾಪಕವಾಗಿತ್ತು. 1980ರ ದಶಕದಲ್ಲಿ ಅಲ್ಲಿನ ಚರ್ಚು ಮದುವೆಗೆ ಮುಂಚೆ ಪರೀಕ್ಷೆ ಮತ್ತು ಸಮಾಲೋಚನೆ ಆದ ಪ್ರಮಾಣಪತ್ರ ಕೇಳತೊಡಗಿತು. ಫಲಿತಾಂಶ ಏನೇ ಇದ್ದರೂ ಮದುವೆಯಾಗುವ ಸ್ವಾತಂತ್ರ್ಯ ಜೋಡಿಯದ್ದೇ. ಆ ಕಾಯಿಲೆಯೊಂದಿಗೆ ಹುಟ್ಟುವ ಮಕ್ಕಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಸೊನ್ನೆಯ ಹತ್ತಿರಕ್ಕೆ ಬಂತು. ಗ್ರೀಸಿನ ಒರ್ಕೊಮೆನೊಸ್ ಎಂಬ ಊರಿನಲ್ಲಿ ಸಿಕಲ್ ಸೆಲ್ ತಪಾಸಣೆ ನಡೆಯಿತು. 1970ರ ದಶಕದ ವರದಿಯಂತೆ, ಅಲ್ಲಿ ವಾಹಕರೆಂದು ಗೊತ್ತಾದವರಿಗೆ ಕಳಂಕ ಅಂಟಿತು, ಹಲವರು ಫಲಿತಾಂಶ ಮುಚ್ಚಿಟ್ಟು ಮದುವೆಯಾದರು. ಎರಡೂ ಕಡೆ ಇದ್ದದ್ದು ರಕ್ತಪರೀಕ್ಷೆಯೇ. ವ್ಯತ್ಯಾಸ ಇದ್ದದ್ದು ಊರಿನ ಒಪ್ಪಿಗೆ ಮತ್ತು ತಿಳಿವಳಿಕೆಯಲ್ಲಿ.

ವಾಹಕನೆಂದರೆ ರೋಗಿ ಅಲ್ಲ, ಅವನ ಆರೋಗ್ಯಕ್ಕೆ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ. ಈ ಎರಡು ಕಾಯಿಲೆಗಳಂಥವುಗಳಲ್ಲಿ ಇಬ್ಬರು ವಾಹಕರು ಸೇರಿದಾಗಲೇ ಮಗುವಿನ ಪ್ರಶ್ನೆ ಬರುವುದು. ಈ ತಿಳಿವಳಿಕೆ ಊರಲ್ಲಿ ಬೇರೂರುವ ಮೊದಲೇ ಜಾತಕದ ಜೊತೆ ರಕ್ತದ ರಿಪೋರ್ಟು ಕೇಳುವ ರೂಢಿ ಬಂದರೆ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣಿಗೆ ಇನ್ನೊಂದು ಪರೀಕ್ಷೆ ಸೇರಿದಂತೆ ಆಗುತ್ತದೆ. ಅದಾಗದಂತೆ ನೋಡಿಕೊಳ್ಳುವುದು ಉಪನ್ಯಾಸಕರ ಕರ್ತವ್ಯ.

ಕಾನೂನಿನ ನೆಲೆಯನ್ನೂ ಸಭೆಯಲ್ಲಿ ಹೇಳಬೇಕು. ಭ್ರೂಣದ ಕಾಯಿಲೆ ತಿಳಿಯುವ ಪರೀಕ್ಷೆ ಕಾನೂನುಬದ್ಧ, ಲಿಂಗ ತಿಳಿಸುವುದು 1994ರ ಕಾಯ್ದೆಯಂತೆ ಅಪರಾಧ. 2021ರ ತಿದ್ದುಪಡಿಯ ನಂತರ ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ, ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿಯ ಒಪ್ಪಿಗೆಯ ಮೇಲೆ ಆಮೇಲೂ ಗರ್ಭಪಾತಕ್ಕೆ ಅವಕಾಶವಿದೆ. ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್, ಮಸ್ಕ್ಯುಲರ್ ಡಿಸ್ಟ್ರೊಫಿ ಇವೆಲ್ಲ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿವೆ. ವಿಮಾ ಕಂಪನಿಗಳು ಆನುವಂಶಿಕ ಕಾಯಿಲೆಯ ಹೆಸರಿನಲ್ಲಿ ಎಲ್ಲರನ್ನೂ ಹೊರಗಿಡುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು. ಅಮೆರಿಕದಲ್ಲಿ 2008ರಿಂದಲೇ ಇರುವಂಥ, ತಳಿ ಮಾಹಿತಿಯ ದುರ್ಬಳಕೆಯನ್ನು ತಡೆಯುವ ಪ್ರತ್ಯೇಕ ಕಾನೂನು ನಮಗೂ ಬೇಕು.

ಇನ್ನು ದುಡ್ಡು. ಬೆನ್ನುಹುರಿಯ ಸ್ನಾಯುಕ್ಷಯಕ್ಕೆ 16 ಕೋಟಿಯ ಚುಚ್ಚುಮದ್ದು ಎಂದು ಚಂದಾ ಕೇಳುವ ಸಂದೇಶಗಳು ಎಲ್ಲರ ಮೊಬೈಲಿಗೂ ಬಂದಿವೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ನಿಗದಿತ ಕೇಂದ್ರಗಳ ಮೂಲಕ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಇದೆ. ಕರ್ನಾಟಕದಲ್ಲಿ ಅಂಥ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಬೈಂದೂರಿನ ಮೀನುಗಾರ ಕುಟುಂಬಕ್ಕೆ ಅರ್ಜಿ ಯಾರು ಬರೆದುಕೊಡುತ್ತಾರೆ ಎಂಬುದೂ ವೈದ್ಯಕೀಯದ ಪ್ರಶ್ನೆಯೇ. ಹಿಮೋಫಿಲಿಯಾ ಇದ್ದೂ ವೈದ್ಯರಾದ ಡಾ. ಸುರೇಶ್ ಹನಗವಾಡಿ ಅವರು ದಾವಣಗೆರೆಯಲ್ಲಿ ಹಿಮೋಫಿಲಿಯಾ ಸೊಸೈಟಿ ಕಟ್ಟಿ ಬೆಳೆಸಿ, ರೋಗಿಗಳೇ ಸಂಘಟಿತರಾದರೆ ಏನಾಗಬಲ್ಲದು ಎಂದು ತೋರಿಸಿದ್ದಾರೆ.

ಸಭೆ ಎಲ್ಲಿ, ಯಾವಾಗ, ಹೇಗೆ

ಇಂಥ ಮಾತಿಗೆ ಈ ಸೀಮೆ ಅನರ್ಹವೇನಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕನ್ನಡ ಓದುಗರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದವರು. ತಾಳಮದ್ದಲೆಯಲ್ಲಿ ಧರ್ಮಸೂಕ್ಷ್ಮದ ಮೇಲೆ ಗಂಟೆಗಟ್ಟಲೆ ವಾದ ಕೇಳಿ, ಮರುದಿನ ಅಂಗಡಿ ಜಗಲಿಯಲ್ಲಿ ಅದರ ಮೇಲೆ ಮತ್ತೆ ವಾದ ಮಾಡುವ ಜನ ಇವರು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭತ್ತದ ತಳಿಗಳ ಬಗ್ಗೆ ರೈತರು ವಿಜ್ಞಾನಿಗಳ ಜೊತೆ ಮುಖಾಮುಖಿ ಮಾತಾಡುತ್ತ ಬಂದಿದ್ದಾರೆ. ಆ ಮುಖಾಮುಖಿ ಮನುಷ್ಯರ ವಿಷಯದಲ್ಲೂ ಬೇಕು. ಒಂದೇ ಎಚ್ಚರ: ಭತ್ತದಲ್ಲಿ ಒಳ್ಳೆಯ ತಳಿ ಆರಿಸಿ ಉಳಿದದ್ದನ್ನು ಬಿಡುತ್ತೇವೆ, ಮನುಷ್ಯರಲ್ಲಿ ಬಿಡಬೇಕಾದವರು ಯಾರೂ ಇಲ್ಲ. ಕಳೆದ ಶತಮಾನದ ಆರಂಭದಲ್ಲಿ ಯುರೋಪು, ಅಮೆರಿಕಗಳು ಈ ಗೆರೆ ದಾಟಿದವು. ದುರ್ಬಲರೆಂದು ಕಂಡವರಿಗೆ ಬಲವಂತದ ಸಂತಾನಹರಣ ಮಾಡಿದವು. ತಳಿವಿಜ್ಞಾನದ ಪ್ರತಿ ಉಪನ್ಯಾಸವೂ ಆ ಚರಿತ್ರೆಯನ್ನು ನೆನಪಿಸಬೇಕು.

ದಿನಾಂಕಗಳನ್ನು ಹುಡುಕಬೇಕಾಗಿಲ್ಲ. ಫೆಬ್ರುವರಿಯ ಕೊನೆಯ ದಿನ ಅಪರೂಪದ ಕಾಯಿಲೆಗಳ ದಿನ, ಮಾರ್ಚ್ 21 ಡೌನ್ ಸಿಂಡ್ರೋಮ್ ದಿನ, ಏಪ್ರಿಲ್ 17 ಹಿಮೋಫಿಲಿಯಾ ದಿನ, ಮೇ 8 ಥಲಸ್ಸೇಮಿಯಾ ದಿನ, ಜೂನ್ 19 ಸಿಕಲ್ ಸೆಲ್ ದಿನ. ಈ ಐದರಲ್ಲಿ ಮೂರನ್ನಾದರೂ ಆರಿಸಿ ಕುಂದಾಪುರದ ಕಾಲೇಜೊಂದರಲ್ಲಿ, ಕೋಟತಟ್ಟಿನ ಕಾರಂತ ಥೀಮ್ ಪಾರ್ಕಿನಲ್ಲಿ, ಬೈಂದೂರಿನ ಯಾವುದಾದರೂ ಸಮುದಾಯ ಭವನದಲ್ಲಿ ಸಭೆ ಇಟ್ಟುಕೊಳ್ಳಬಹುದು. ಮಣಿಪಾಲದಲ್ಲಿ ದೊಡ್ಡ ಸಮ್ಮೇಳನ ನಡೆದಾಗಲೆಲ್ಲ ಬಂದ ತಜ್ಞರಲ್ಲಿ ಕನ್ನಡ ಬಲ್ಲ ಒಬ್ಬಿಬ್ಬರನ್ನು ಮರುದಿನ ಇಲ್ಲಿಗೆ ಕರೆತಂದರೂ ಸಾಕು. ಉಪನ್ಯಾಸ ಅರ್ಧ ಗಂಟೆ, ಪ್ರಶ್ನೆಗೆ ಒಂದೂವರೆ ಗಂಟೆ ಇರಲಿ. ಎಲ್ಲರೆದುರು ಕೇಳಲು ಸಂಕೋಚಪಡುವವರು ಚೀಟಿಯಲ್ಲಿ ಬರೆದು ಕೊಡಲಿ, ಬೇಕಾದವರಿಗೆ ಪಕ್ಕದ ಕೋಣೆಯಲ್ಲಿ ಸಮಾಲೋಚಕರು ಗುಟ್ಟಾಗಿ ಮಾತಾಡಲಿ. ಕಾಯಿಲೆ ಇರುವ ಮಗುವನ್ನು ಸಾಕಿದ ಒಬ್ಬ ತಾಯಿ ಒಪ್ಪಿದರೆ, ವೈದ್ಯರ ಪಕ್ಕದಲ್ಲೇ ಕುಳಿತು ಮಾತಾಡಲಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರ ಭಾರತೀಯರ ಜೀನೋಮ್ ಓದಿ, 2025ರ ಜನವರಿಯಲ್ಲಿ ಅದರ ದತ್ತಾಂಶವನ್ನು ಸಂಶೋಧಕರಿಗೆ ತೆರೆದಿಟ್ಟಿತು. ಮುಂದಿನ ದಶಕದಲ್ಲಿ ಈ ವಿಜ್ಞಾನ ತಾಲೂಕು ಆಸ್ಪತ್ರೆಯವರೆಗೆ ಬಂದೇ ಬರುತ್ತದೆ. ಅದು ಬರುವ ಹೊತ್ತಿಗೆ ಇಲ್ಲಿನ ಆಶಾ ಕಾರ್ಯಕರ್ತೆಗೆ, ಹೈಸ್ಕೂಲು ಮಾಸ್ತರಿಗೆ, ಮದುವೆ ಮಾತುಕತೆಗೆ ಕೂರುವ ಮನೆಯ ಹಿರಿಯರಿಗೆ ವಾಹಕ ಎಂದರೇನು, ಒಪ್ಪಿಗೆ ಎಂದರೇನು, ಗುಟ್ಟು ಕಾಪಾಡುವುದು ಎಂದರೇನು ಎಂಬ ಮೂರು ವಿಷಯ ಗೊತ್ತಿರಬೇಕು. ಅದಕ್ಕಾಗಿ ಮೂರು ತಾಲೂಕುಗಳ ಆಡಳಿತ, ಕಾಲೇಜುಗಳು, ಸಮುದಾಯ ಸಂಘಗಳು ಮತ್ತು ಮಣಿಪಾಲದ ವೈದ್ಯರು ಒಟ್ಟಿಗೆ ಕುಳಿತು ಬರುವ ವರ್ಷದ ಮೊದಲ ಸಭೆಯ ದಿನವನ್ನು ಈಗಲೇ ನಿಗದಿ ಮಾಡಬೇಕು.